ದೊಡ್ಡ ಬೇಟೆಗೆ ಮಧ್ಯಮ ಬೋರ್ ತೋಟಾ: ಯಾವುದನ್ನು ಆರಿಸಬೇಕು, ಹೇಗೆ ಆರಿಸಬೇಕು

ಅಲಾಸ್ಕಾಕ್ಕೆ ಮೂಸ್ ಅನ್ನುವ ದೈತ್ಯ ಜಿಂಕೆಯ ಬೇಟೆಗೋ ನಮೀಬಿಯಾಕ್ಕೆ ಕುಡು ಅನ್ನುವ ದೊಡ್ಡ ಹುಲ್ಲೆಯ ಬೇಟೆಗೋ ಹೊರಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ ತಗೊಳ್ಳಲಿ? ಕೇಳಿದ್ದೇ ತಡ, ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹೆಸರನ್ನು ಆಮೇಲೆ ನೋಡೋಣ. ಹೊಡೆಯಬೇಕಾದ ಪ್ರಾಣಿ ಯಾವುದು, ಆ ಜಾಗದ ಕಾನೂನು ಏನು ಹೇಳುತ್ತದೆ, ನಿಮ್ಮ ಹೆಗಲು ಕೋವಿಯ ಎಷ್ಟು ಒದೆತ ತಡೆಯುತ್ತದೆ, ಇದನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಉದ್ದದ ಪಟ್ಟಿ ತಾನಾಗಿಯೇ ಎರಡು ಮೂರು ತೋಟಾಗಳಿಗೆ ಇಳಿಯುತ್ತದೆ.

ಇದು ಭಾರತದಲ್ಲಿ ಬೇಟೆಯಾಡುವವರಿಗೆ ಬರೆದದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ. ಅದು ಹಾಗೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದಂಥ ಕಡೆ ಇದ್ದುಕೊಂಡು, ಲೈಸೆನ್ಸ್ ಮಾಡಿಸಿ, ಸೀಸನ್ ನೋಡಿಕೊಂಡು, ಹೊಡೆದದ್ದನ್ನು ಮನೆಗೆ ತಂದು ತಿನ್ನುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಡಗು, ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಹನ್ನೆರಡು ಬೋರ್ ಕೋವಿ ಹೊಸದೇನಲ್ಲ. ಆದರೆ ರೈಫಲ್ ತೋಟಾದ ಲೆಕ್ಕವೇ ಬೇರೆ.

ತೋಟಾ ಅಂದರೆ ಕೇಸು, ಮದ್ದು, ಗುಂಡು ಎಲ್ಲ ಸೇರಿದ್ದು; ಹಾರಿಹೋಗುವುದು ತುದಿಯ ಗುಂಡು ಮಾತ್ರ. ಆ ಗುಂಡಿನ ಅಡ್ಡಳತೆ ಸುಮಾರು .33 ಇಂಚಿನಿಂದ .375 ಇಂಚಿನವರೆಗೆ ಇದ್ದರೆ ಅದು ಮಧ್ಯಮ ಬೋರ್. ಎಲ್ಲರ ಮನೆಯಲ್ಲೂ ಇರುವ .30-06 ಇದಕ್ಕಿಂತ ಕೆಳಗೆ ಬರುತ್ತದೆ, .416 ಮತ್ತು .458 ಮೇಲೆ.

ಹೆಜ್ಜೆ 1: ಪ್ರಾಣಿ ಯಾವುದು?

ಕೊಲೊರಾಡೊದ ಗಂಡು ಎಲ್ಕ್, ಅದೂ ಒಂದು ದೊಡ್ಡ ಜಿಂಕೆ, 700 ಪೌಂಡ್ ಆಸುಪಾಸು ತೂಗುತ್ತದೆ. ನೀವು ಹೊಡೆಯಬೇಕಿರುವುದು ಅಷ್ಟೇ ಆದರೆ ಇಲ್ಲಿಗೇ ನಿಲ್ಲಿಸಿ. ಮನೆಯಲ್ಲಿರುವ .30-06ಗೆ 180 ಗ್ರೇನ್‌ನ (ಗ್ರೇನ್ ಅಂದರೆ ಗುಂಡು ತೂಗುವ ಸಣ್ಣ ಅಳತೆ) ಒಳ್ಳೆಯ ಗುಂಡು ಹಾಕಿಕೊಂಡು ಹೋಗಿ, ದುಡ್ಡು ಉಳಿಸಿ.

ಅಲಾಸ್ಕಾದ ಗಂಡು ಮೂಸ್ 1,200ರಿಂದ 1,600 ಪೌಂಡ್ ತೂಗುವ ಪ್ರಾಣಿ. ಇದನ್ನು ಕೊಲ್ಲುವುದು ಕಷ್ಟ ಅಂತಲ್ಲ, .30-06 ಹಿಡಿದು ಪ್ರತಿ ವರ್ಷ ಹೊಡೆಯುವವರು ಬೇಕಾದಷ್ಟಿದ್ದಾರೆ. ತೊಂದರೆ ಬೇರೆ ಇದೆ. ಶ್ವಾಸಕೋಶಕ್ಕೆ ಸರಿಯಾಗಿ ಗುಂಡು ಬಿದ್ದರೂ ಮೂಸ್ ಎಷ್ಟೋ ಸಲ ಏನೂ ಆಗದ ಹಾಗೆ ನಿಂತೇ ಇರುತ್ತದೆ, ಇಲ್ಲವೇ ನಾಲ್ಕು ಹೆಜ್ಜೆ ನಡೆದು ಕೆರೆಗೋ ಜೌಗಿಗೋ ಇಳಿಯುತ್ತದೆ. ಸೊಂಟದ ಮಟ್ಟ ತಣ್ಣೀರಿನಲ್ಲಿ ನಿಂತು ಅಷ್ಟು ದೊಡ್ಡ ದೇಹವನ್ನು ಕೊಯ್ದು ಹೊರಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬರುವುದು ಅಲಾಸ್ಕಾದಲ್ಲಿ ಅಪರಾಧ. ದೊಡ್ಡ ಮೂಸ್‌ನಲ್ಲಿ ಆ ಮಾಂಸವೇ ಸುಮಾರು 500 ಪೌಂಡ್ ಆಗುತ್ತದೆ. ಹಾಗಾಗಿ ಪ್ರಾಣಿ ನಿಂತಲ್ಲೇ ಬೀಳಲಿ ಅನ್ನುವ ಆಸೆ ಸುಮ್ನೆ ಬಂದದ್ದಲ್ಲ. ಮಧ್ಯಮ ಬೋರ್‌ನ ಭಾರದ ಗುಂಡು ಅಡ್ಡ ಬಂದ ಮೂಳೆ ಮುರಿದು, ಆ ಕಡೆಯಿಂದ ಹೊರಗೆ ಬಂದು, ನೆಲದ ಮೇಲೆ ನೆತ್ತರ ಜಾಡು ಬಿಡುತ್ತದೆ.

ಕಂದು ಕರಡಿಯ ಮಾತೇ ಬೇರೆ. ಕೋಡಿಯಾಕ್ ದ್ವೀಪದ ದೊಡ್ಡ ಗಂಡು 1,500 ಪೌಂಡ್‌ವರೆಗೂ ಬೆಳೆಯುತ್ತದೆ, ಮತ್ತು ಗಾಯಗೊಂಡರೆ ಪೊದೆ ಸೇರಿಕೊಳ್ಳುತ್ತದೆ. ಆಮೇಲೆ ಆ ಪೊದೆಯೊಳಗೆ ಯಾರಾದರೂ ಹೋಗಲೇಬೇಕಲ್ವಾ? .33ಕ್ಕಿಂತ ಮೇಲಿನ ತೋಟಾಕ್ಕೆ ನಿಜವಾಗಿ ಕೆಲಸ ಇರುವುದು ಇಲ್ಲಿ.

ಆಫ್ರಿಕಾದಲ್ಲಿ ಕುಡು, ಜೆಮ್ಸ್‌ಬಾಕ್, ವೈಲ್ಡ್‌ಬೀಸ್ಟ್ ಥರದ ಹುಲ್ಲೆಗಳಿಗೆ ಮಧ್ಯಮ ಬೋರ್ ಬೇಕೇಬೇಕು ಅಂತ ಇಲ್ಲ, ಇದ್ದರೆ ಅನುಕೂಲ. ಹುಲ್ಲೆಗಳಲ್ಲೇ ದೊಡ್ಡದಾದ ಈಲಂಡ್‌ನ ಗಂಡು 2,000 ಪೌಂಡ್ ಹತ್ತಿರ ಬರುತ್ತದೆ, ಅದಕ್ಕೆ ಬೇಕು. ಕೇಪ್ ಬಫಲೊಗೆ .375 ಇಲ್ಲದೆ ಹೋಗಬೇಡಿ.

ಹೆಜ್ಜೆ 2: ಕಾನೂನಿನ ಲೆಕ್ಕ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಕೋವಿ ಕೊಂಡ ಮೇಲೆ ಅದಕ್ಕೆ ಅಲ್ಲಿ ಅನುಮತಿ ಇಲ್ಲ ಅಂತ ಗೊತ್ತಾದರೆ ಏನು ಪ್ರಯೋಜನ?

ನಮೀಬಿಯಾದ ನಿಯಮ ಬಹಳ ಸ್ಪಷ್ಟ. ನಳಿಗೆಯ ಬಾಯಲ್ಲಿ ಗುಂಡಿಗೆ ಇರಬೇಕಾದ ಶಕ್ತಿಯನ್ನು ಜೂಲ್ ಲೆಕ್ಕದಲ್ಲಿ ಕಟ್ಟಿಟ್ಟಿದ್ದಾರೆ. ಸ್ಪ್ರಿಂಗ್‌ಬಾಕ್‌ನಂಥ ಸಣ್ಣವಕ್ಕೆ 1,350, ಕುಡು, ಜೆಮ್ಸ್‌ಬಾಕ್, ಈಲಂಡ್ ಇವಕ್ಕೆ 2,700, ಆನೆ ಮತ್ತು ಬಫಲೊದಂಥವಕ್ಕೆ 5,400. ನಿಮ್ಮ ತೋಟಾ ಎಲ್ಲಿ ನಿಲ್ಲುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಬಾಕ್ಸ್ ಮೇಲೆ ಬರೆದ ವೇಗವನ್ನು, ಅಂದರೆ ಸೆಕೆಂಡಿಗೆ ಎಷ್ಟು ಅಡಿ ಅನ್ನುವುದನ್ನು, ಅದರಿಂದಲೇ ಗುಣಿಸಿ. ಬಂದದ್ದನ್ನು ಗುಂಡಿನ ಗ್ರೇನ್ ತೂಕದಿಂದ ಗುಣಿಸಿ, 450,240ರಿಂದ ಭಾಗಿಸಿ. ಸಿಕ್ಕಿದ್ದು ಫೂಟ್-ಪೌಂಡ್ ಲೆಕ್ಕದ ಶಕ್ತಿ. ಅದನ್ನು 1.356ರಿಂದ ಗುಣಿಸಿದರೆ ಜೂಲ್.

ಸಾಮಾನ್ಯ ಕಾರ್ಖಾನೆ ತೋಟಾಗಳಿಗೆ ಈ ಲೆಕ್ಕ ಹಾಕಿ ನೋಡಿ. .30-06ರ 180 ಗ್ರೇನ್ ಗುಂಡು 2,700 ಅಡಿ ವೇಗದಲ್ಲಿ ಸುಮಾರು 3,950 ಜೂಲ್ ಕೊಡುತ್ತದೆ. .35 ವೀಲನ್‌ನ 250 ಗ್ರೇನ್ ಗುಂಡು 2,400 ಅಡಿ ವೇಗದಲ್ಲಿ 4,340 ಹತ್ತಿರ. 9.3×62ರ (9.3 ಮಿಲಿಮೀಟರ್, ಅಂದರೆ .366 ಇಂಚು) 286 ಗ್ರೇನ್ ಗುಂಡು 2,360 ಅಡಿಯಲ್ಲಿ 4,800 ಹತ್ತಿರ. .338 ವಿನ್‌ಚೆಸ್ಟರ್ ಮ್ಯಾಗ್ನಂನ 250 ಗ್ರೇನ್ ಗುಂಡು 2,660 ಅಡಿಯಲ್ಲಿ 5,330 ಹತ್ತಿರ, ಅಂದರೆ 5,400ಕ್ಕೆ ಕೂದಲೆಳೆಯಷ್ಟು ಕಮ್ಮಿ. .375 ಎಚ್ ಅಂಡ್ ಎಚ್‌ನ (ಹಾಲೆಂಡ್ ಅಂಡ್ ಹಾಲೆಂಡ್) 300 ಗ್ರೇನ್ ಗುಂಡು 2,530 ಅಡಿಯಲ್ಲಿ 5,780 ಹತ್ತಿರ. ಕುಡು, ಈಲಂಡ್‌ಗೆ ಎಲ್ಲವೂ ಪಾಸು. ಬಫಲೊ ಸಾಲಿಗೆ ದಾಟುವುದು .375 ಒಂದೇ. ಆಫ್ರಿಕಾದ ಬೇರೆ ಹಲವು ದೇಶಗಳಲ್ಲೂ ಅಪಾಯಕಾರಿ ಪ್ರಾಣಿಗಳಿಗೆ .375 ಅನ್ನುವುದೇ ಕೆಳಗಿನ ಗೆರೆ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕೊಲೊರಾಡೊದಲ್ಲಿ ಎಲ್ಕ್, ಮೂಸ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ ಗುಂಡು ಸಾಕು, ಹಾಗಾಗಿ ನಾವು ಮಾತಾಡುತ್ತಿರುವ ಯಾವ ತೋಟಾಕ್ಕೂ ಅಲ್ಲಿ ಅಡ್ಡಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ತಾಮ್ರದಂಥ ಸೀಸವಿಲ್ಲದ ಗುಂಡೇ ಬೇಕು. ಅಲಾಸ್ಕಾದಲ್ಲಿ ಹೊರ ರಾಜ್ಯದವರು ಕಂದು ಕರಡಿ ಹೊಡೆಯಬೇಕಾದರೆ ಲೈಸೆನ್ಸ್ ಇರುವ ಗೈಡ್ ಜೊತೆಗಿರಬೇಕು, ಇಲ್ಲವೇ ಅಲ್ಲೇ ನೆಲೆಸಿದ ಹತ್ತಿರದ ಸಂಬಂಧಿ ಇರಬೇಕು. ಅಮೆರಿಕದ ನಿವಾಸಿಗಳೇ ಅಲ್ಲದ ವಿದೇಶಿಯರಿಗೆ ಅಲ್ಲಿ ಮೂಸ್ ಸೇರಿ ಎಲ್ಲ ದೊಡ್ಡ ಬೇಟೆಗೂ ಗೈಡ್ ಕಡ್ಡಾಯ.

ಎಚ್-1ಬಿ ಥರದ ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಿಮ್ಮಂಥವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ. ಲೈಸೆನ್ಸ್ ಅವಧಿ ಮುಗಿಯುವ ತಾರೀಕನ್ನೂ ಬರೆದಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ.

ಹೆಜ್ಜೆ 3: ನಿಮ್ಮ ಹೆಗಲು ಏನು ಹೇಳುತ್ತದೆ?

ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಇಲ್ಲಿ. ಸ್ಕೋಪ್ ಸೇರಿ ಎಂಟು ಒಂಬತ್ತು ಪೌಂಡ್ ತೂಗುವ ರೈಫಲ್‌ನಲ್ಲಿ .30-06 ಸುಮಾರು 20 ಫೂಟ್-ಪೌಂಡ್ ಒದೆಯುತ್ತದೆ. .35 ವೀಲನ್ ಮತ್ತು 9.3×62 ಇಪ್ಪತ್ತೈದು ಮೂವತ್ತರ ನಡುವೆ. .338 ಮ್ಯಾಗ್ನಂ ಮೂವತ್ತು ದಾಟುತ್ತದೆ. .375 ನಲವತ್ತರ ಹತ್ತಿರ, ಅಂದರೆ .30-06ರ ಹೆಚ್ಚುಕಡಿಮೆ ಎರಡರಷ್ಟು. ಒದೆತದ ಗುಣವೂ ಒಂದೇ ಥರ ಇರುವುದಿಲ್ಲ. .338 ಚುರುಕಾಗಿ ಬಡಿಯುತ್ತದೆ. 9.3 ಮತ್ತು .375 ಹಿಂದಕ್ಕೆ ದೂಡುತ್ತವೆ, ಹಾಗಾಗಿ ಸಂಖ್ಯೆಯಲ್ಲಿ ದೊಡ್ಡದಾಗಿ ಕಂಡರೂ .375 ಅನ್ನೇ ಇಷ್ಟಪಡುವವರು ಬಹಳ ಜನ.

ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮೊದಲೇ ಬೆದರುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅದಕ್ಕಿಂತ ದೊಡ್ಡ ಪಾಪ ಬೇಟೆಯಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬುತ್ತೇನೆ, ಮತ್ತು ಅಷ್ಟು ದೊಡ್ಡ ಕ್ಯಾಲಿಬರ್ ತೆಗೆದುಕೊಂಡದ್ದೇ ಅದಕ್ಕೆ ಕಾರಣವಾದರೆ ಆ ಕ್ಯಾಲಿಬರ್ ಯಾಕೆ ಬೇಕಿತ್ತು? ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಯ ಸಲಹೆಯೂ ಇದೇ ದಾರಿಯಲ್ಲಿದೆ: ಹೊಸ ಮ್ಯಾಗ್ನಂ, ಅಂದರೆ ಜಾಸ್ತಿ ಮದ್ದಿನ ತೋಟಾದ ರೈಫಲ್, ಹಿಡಿದು ಬರುವವನಿಗಿಂತ ಪಳಗಿದ .30-06ರಲ್ಲಿ ಗುರಿ ತಪ್ಪದವನೇ ಗೈಡ್‌ಗಳಿಗೆ ಇಷ್ಟ.

ಪರೀಕ್ಷೆ ಸುಲಭ. ಕೊಳ್ಳುವ ಮೊದಲು ಗೆಳೆಯರದೋ ಬಾಡಿಗೆಯದೋ ರೈಫಲ್ ತೆಗೆದುಕೊಂಡು ರೇಂಜ್‌ಗೆ ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಬೆರೆಸಿ, ಯಾವಾಗ ಯಾವುದು ಅಂತ ನಿಮಗೆ ಗೊತ್ತಾಗದ ಹಾಗೆ ಅವರೇ ತುಂಬಿ ಕೊಡಲಿ. ಡಮ್ಮಿ ಬಂದಾಗ ನಳಿಗೆ ಕದಲದೆ ನಿಂತರೆ ಆ ಕ್ಯಾಲಿಬರ್ ನಿಮ್ಮದು. ಮೂತಿ ಕೆಳಗೆ ಜಗ್ಗಿದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ, ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಳಿಗೆಯ ಬಾಯಿಗೆ ಮಜಲ್ ಬ್ರೇಕ್ (ಗ್ಯಾಸನ್ನು ಪಕ್ಕಕ್ಕೆ ಬಿಡುವ ತೂತಿನ ಕೊಳವೆ) ಹಾಕಿಸಿದರೆ ಒದೆತ ಕಮ್ಮಿ ಆಗುತ್ತದೆ, ನಿಜ. ಆದರೆ ಸದ್ದು ವಿಪರೀತ ಜಾಸ್ತಿ ಆಗುತ್ತದೆ, ಅದೂ ಪಕ್ಕದಲ್ಲಿ ನಿಂತವರ ಕಡೆಗೆ. ಗೈಡ್ ಮತ್ತು ಟ್ರ್ಯಾಕರ್ ನಿಮ್ಮ ಪಕ್ಕದಲ್ಲೇ ಇರುತ್ತಾರೆ, ಅವರ ಕಿವಿ ಹಾಳು ಮಾಡಬೇಡಿ. ಬ್ರೇಕ್ ಇಲ್ಲದೆ ತಡೆಯಲಾಗದ ತೋಟಾವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಹೆಜ್ಜೆ 4: ಮೊದಲು ಗುಂಡು, ಆಮೇಲೆ ಹೆಸರು

1946ರಲ್ಲಿ ಜಾನ್ ನಾಸ್ಲರ್ ಅನ್ನುವ ಅಮೆರಿಕದ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ .300 ಎಚ್ ಅಂಡ್ ಎಚ್ ಹಿಡಿದು ಮೂಸ್ ಬೇಟೆಗೆ ಹೋಗಿದ್ದರು. ಕೆಸರು ಮೆತ್ತಿಕೊಂಡಿದ್ದ ಮೂಸ್‌ಗೆ ಹತ್ತಿರದಿಂದಲೇ ಹೊಡೆದರೂ ಗುಂಡುಗಳು ಒಳಗೆ ಇಳಿಯದೆ ಮೇಲೆಯೇ ಒಡೆದು ಚೂರಾದವು. ವೇಗಕ್ಕಾಗಲೀ ಶಕ್ತಿಗಾಗಲೀ ಅಲ್ಲಿ ಕೊರತೆ ಇರಲಿಲ್ಲ. ಗುಂಡಿನ ಕಟ್ಟುವಿಕೆಯೇ ಸರಿ ಇರಲಿಲ್ಲ. ಅದರಿಂದ ಹುಟ್ಟಿದ್ದು ಪಾರ್ಟಿಷನ್ ಗುಂಡು. ಒಳಗಿನ ಸೀಸವನ್ನು ಮುಂದೊಂದು ಹಿಂದೊಂದು ಕೋಣೆ ಮಾಡಿ, ನಡುವೆ ತಾಮ್ರ ಮಿಶ್ರಲೋಹದ ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳಿ ಗಾಯ ಅಗಲ ಮಾಡುತ್ತದೆ, ಹಿಂದಿನ ಅರ್ಧ ಒಡೆಯದೆ ಆಳಕ್ಕೆ ಹೋಗುತ್ತದೆ. ಇವತ್ತಿಗೂ ದೊಡ್ಡ ಬೇಟೆಯ ಗುಂಡುಗಳನ್ನು ಇದರ ಜೊತೆ ಹೋಲಿಸಿಯೇ ಅಳೆಯುತ್ತಾರೆ. ಸ್ವಿಫ್ಟ್ ಎ-ಫ್ರೇಮ್ ಅದೇ ಉಪಾಯವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡದ್ದು. ಬಾರ್ನ್ಸ್‌ನ ಟಿಎಸ್‌ಎಕ್ಸ್ ಪೂರ್ತಿ ತಾಮ್ರದ್ದು, ಸೀಸ ಇಲ್ಲವೇ ಇಲ್ಲ.

ಗುಂಡಿನ ತೂಕ ಆರಿಸುವಾಗ ನೋಡಬೇಕಾದದ್ದು ಸೆಕ್ಷನಲ್ ಡೆನ್ಸಿಟಿ. ಅಡ್ಡಳತೆಗೆ ತಕ್ಕಂತೆ ಗುಂಡು ಎಷ್ಟು ಉದ್ದ, ಎಷ್ಟು ಭಾರ ಅನ್ನುವುದರ ಅಳತೆ ಅದು. ಜಾಸ್ತಿ ಇದ್ದಷ್ಟೂ ಆಳಕ್ಕೆ ಇಳಿಯುತ್ತದೆ. .338ರಲ್ಲಿ 250 ಗ್ರೇನ್‌ಗೆ ಅದು .313. 9.3ರಲ್ಲಿ 286 ಗ್ರೇನ್‌ಗೂ .375ರಲ್ಲಿ 300 ಗ್ರೇನ್‌ಗೂ .305. .30-06ರ 180 ಗ್ರೇನ್‌ಗೆ .271. ದೊಡ್ಡ ಕರಡಿ, ಬಫಲೊಗೆ .300ಕ್ಕಿಂತ ಮೇಲೆ ಇರಲಿ. ತಾಮ್ರದ ಗುಂಡಾದರೆ ತೂಕ ಕಳೆದುಕೊಳ್ಳುವುದು ಬಹಳ ಕಮ್ಮಿ, ಹಾಗಾಗಿ .338ರಲ್ಲಿ 225 ಗ್ರೇನ್ ತಾಮ್ರ 250 ಗ್ರೇನ್ ಸೀಸದ ಕೆಲಸ ಮಾಡುತ್ತದೆ. ಅಗ್ಗದ ಜಿಂಕೆ ಗುಂಡು ಹಾಕಿದ .375ಕ್ಕಿಂತ ಪಾರ್ಟಿಷನ್ ಹಾಕಿದ .30-06 ನನಗೆ ಮೇಲು.

ಹೆಜ್ಜೆ 5: ಈಗ ಹೆಸರು

.35 ವೀಲನ್. 1922ರಲ್ಲಿ .30-06ರ ಕೇಸಿನ ಕುತ್ತಿಗೆಯನ್ನು ಅಗಲ ಮಾಡಿ ತಯಾರಿಸಿದ್ದು. ಅಮೆರಿಕದ ಸೇನಾಧಿಕಾರಿ ಟೌನ್ಸೆಂಡ್ ವೀಲನ್ ಅವರ ಹೆಸರನ್ನು ಇದಕ್ಕೆ ಇಟ್ಟರು. 1980ರ ದಶಕದ ಕೊನೆಗೆ ರೆಮಿಂಗ್ಟನ್ ಕಾರ್ಖಾನೆಯಿಂದ ಹೊರತರುವವರೆಗೂ ಕೇಸನ್ನು ಕೈಯಲ್ಲೇ ಮಾಡಿಕೊಳ್ಳಬೇಕಿತ್ತು. ಕಾಡೊಳಗೆ 200 ಗಜದ ಒಳಗಿನ ಮೂಸ್, ಎಲ್ಕ್‌ಗೆ ಬಹಳ ಒಳ್ಳೆಯದು. ಒದೆತ ಹಿತಮಿತ. ತೋಟಾ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

9.3×62. ಬರ್ಲಿನ್‌ನ ಕೋವಿ ತಯಾರಕ ಓಟೊ ಬಾಕ್ 1905ರಲ್ಲಿ ಮಾಡಿದ್ದು. ಆಫ್ರಿಕಾದ ಜರ್ಮನ್ ವಸಾಹತುಗಳಲ್ಲಿ ತೋಟ ಮಾಡಿಕೊಂಡಿದ್ದವರಿಗೆ ಲಂಡನ್ನಿನ ಜೋಡಿ ನಳಿಗೆ ರೈಫಲ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಸಾಮಾನ್ಯ ಮೌಸರ್ 98 ರೈಫಲ್‌ನಲ್ಲೇ ಕೂರುವ, ದೊಡ್ಡ ಪ್ರಾಣಿಗೂ ಸಾಕಾಗುವ ತೋಟಾ ಅವರಿಗೆ ಬೇಕಿತ್ತು. ನೂರು ವರ್ಷ ದಾಟಿದರೂ ಅದರ ಲೆಕ್ಕ ತಪ್ಪಾಗಿಲ್ಲ. ಸ್ವೀಡನ್ನಿನ ಮೂಸ್ ಬೇಟೆಯಲ್ಲೂ ನಮೀಬಿಯಾದ ಫಾರ್ಮ್‌ಗಳಲ್ಲೂ ಇದು ಮನೆಮಾತು. ಆನೆ, ಬಫಲೊ ಬಿಟ್ಟರೆ ಮೇಲೆ ಹೇಳಿದ ಎಲ್ಲಕ್ಕೂ ಇದೊಂದೇ ಸಾಕು, ಅದಕ್ಕೇ ನನ್ನ ಮೊದಲ ಆಯ್ಕೆ ಇದು. ಅಮೆರಿಕದ ಸಣ್ಣ ಊರಿನ ಅಂಗಡಿಯಲ್ಲಿ ಇದರ ತೋಟಾ ಸಿಗುವ ನೆಚ್ಚಿಕೆ ಇಲ್ಲ, ಮೊದಲೇ ತರಿಸಿಟ್ಟುಕೊಳ್ಳಬೇಕು.

.338 ವಿನ್‌ಚೆಸ್ಟರ್ ಮ್ಯಾಗ್ನಂ. 1958ರಲ್ಲಿ ಬಂತು. ಅದಕ್ಕೆಂದೇ ಹೊರತಂದ ಮಾಡೆಲ್ 70 ರೈಫಲ್‌ಗೆ ವಿನ್‌ಚೆಸ್ಟರ್ ಅಲಾಸ್ಕನ್ ಅಂತಲೇ ಹೆಸರಿಟ್ಟಿತ್ತು. ಬಯಲಲ್ಲಿ 300 ಗಜದ ಮೂಸ್‌ಗೂ ಪೊದೆಯೊಳಗಿನ ಕರಡಿಗೂ ಒಂದೇ ತೋಟಾ ಬೇಕು ಅನ್ನುವವರಿಗೆ ಇದು. ಅಲಾಸ್ಕಾದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಒದೆತದ ಪರೀಕ್ಷೆಯಲ್ಲಿ ಜಾಸ್ತಿ ಜನ ಸೋಲುವುದೂ ಇದರಲ್ಲೇ, ಯಾಕೆಂದರೆ ಹಗುರವಾದ ರೈಫಲ್‌ನಲ್ಲಿ ಇದನ್ನು ಕೊಂಡಿರುತ್ತಾರೆ.

.375 ಎಚ್ ಅಂಡ್ ಎಚ್. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ತಂದದ್ದು. ನಮ್ಮ ಮಹಾರಾಜರು ಈ ಕಂಪನಿಯ ದೊಡ್ಡ ಗಿರಾಕಿಗಳಾಗಿದ್ದ ಕಾಲ ಅದು. ಇದರ ಕೇಸ್ ಉದ್ದಕ್ಕೆ, ಇಳಿಜಾರಾಗಿ ಇದೆ. ಹಾಗಾಗಿ ಸುಡುವ ಬಿಸಿಲಲ್ಲೂ ನಳಿಗೆಯೊಳಗೆ ನಯವಾಗಿ ಹೋಗಿ, ಅಂಟಿಕೊಳ್ಳದೆ ಹೊರಗೆ ಬರುತ್ತದೆ. ಬಫಲೊ ಎದುರಿಗೆ ನಿಂತಾಗ ಇದಕ್ಕಿಂತ ದೊಡ್ಡ ಗುಣ ಬೇಕಾಗಿಲ್ಲ. 3.6 ಇಂಚು ಉದ್ದ ಇರುವುದರಿಂದ ಇದಕ್ಕೆ ಉದ್ದದ ಆ್ಯಕ್ಷನ್ (ರೈಫಲ್‌ನಲ್ಲಿ ತೋಟಾ ಏರಿಸಿ ಇಳಿಸುವ ಭಾಗ) ಬೇಕು, ರೈಫಲ್ ಬೆಲೆಯೂ ಭಾರವೂ ಏರುತ್ತದೆ. ಅದು ಬೇಡ ಅಂದರೆ 2007ರಲ್ಲಿ ಬಂದ .375 ರೂಗರ್ ಇದೆ, .30-06 ಅಳತೆಯ ಆ್ಯಕ್ಷನ್‌ನಲ್ಲೇ ಕೂರುತ್ತದೆ, ಶಕ್ತಿ ಇನ್ನೂ ಸ್ವಲ್ಪ ಜಾಸ್ತಿ. ಆದರೆ ವಿಮಾನದಲ್ಲಿ ತೋಟಾ ಕಳೆದುಹೋದರೆ ಆಫ್ರಿಕಾದಲ್ಲಿ ಬೇರೆ ಸಿಗುವ ಸಾಧ್ಯತೆ ಹಳೆಯದಕ್ಕೇ ಹೆಚ್ಚು.

ಹೆಜ್ಜೆ 6: ರೈಫಲ್, ಸ್ಕೋಪ್

.375ಕ್ಕೆ ಸ್ಕೋಪ್ ಸೇರಿ ಒಂಬತ್ತು ಒಂಬತ್ತೂವರೆ ಪೌಂಡ್ ಇರಲಿ, 9.3 ಆದರೆ ಎಂಟೂವರೆ ನಡೆಯುತ್ತದೆ. ಹೊರುವಾಗ ಬೈದುಕೊಂಡರೂ ಹೊಡೆಯುವಾಗ ಆ ತೂಕ ಬೇಕು ಅನಿಸುತ್ತದೆ. ಹೆಗಲಿಗೆ ಒತ್ತಿಕೊಳ್ಳುವ ಬಟ್‌ನ ಉದ್ದ ನಿಮ್ಮ ತೋಳಿಗೆ ಸರಿಹೊಂದಬೇಕು. ಅಂಗಡಿಯಲ್ಲಿ ಸಿಗುವವು ನಮ್ಮಲ್ಲಿ ಸ್ವಲ್ಪ ಕುಳ್ಳಗಿರುವವರಿಗೆ ಉದ್ದ ಆಗುತ್ತವೆ. ಕೋವಿ ರಿಪೇರಿ ಮಾಡುವವರ ಹತ್ತಿರ ಕತ್ತರಿಸಿ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ. ಒದೆತ ಅರ್ಧ ಪಳಗುವುದು ಅಲ್ಲೇ.

ಸ್ಕೋಪ್‌ಗೆ ದೊಡ್ಡ ಪವರ್ ಬೇಡ. 1.5ರಿಂದ 5 ಪಟ್ಟು ಅಥವಾ 2ರಿಂದ 7 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಕಣ್ಣಿಗೂ ಸ್ಕೋಪ್‌ಗೂ ನಡುವೆ ನಾಲ್ಕು ಇಂಚಿನಷ್ಟು ಜಾಗ ಸಿಗುವಂಥದ್ದೇ ನೋಡಿ, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ.

ಹೆಜ್ಜೆ 7: ಹೊರಡುವ ಮೊದಲು

200 ಗಜಕ್ಕೆ ಗುರಿ ಕಟ್ಟಿಕೊಳ್ಳಿ, ಅಂದರೆ ಆ ದೂರದಲ್ಲಿ ಗುಂಡು ಸ್ಕೋಪ್ ತೋರಿಸಿದಲ್ಲೇ ಬೀಳಲಿ. .338ರ 225 ಗ್ರೇನ್ ಗುಂಡು ಆಗ 300 ಗಜದಲ್ಲಿ ಒಂದು ಗೇಣಿನ ಹತ್ತಿರ ಕೆಳಗೆ ಬೀಳುತ್ತದೆ. .375, 9.3, .35 ಮೂರೂ ಗೇಣು ದಾಟುತ್ತವೆ. ಅದಕ್ಕಿಂತ ದೂರದ ಹೊಡೆತ ಈ ತೋಟಾಗಳ ಕೆಲಸವಲ್ಲ, ಹತ್ತಿರ ಹೋಗಿ.

ಬೆಂಚ್ ಮೇಲೆ ಕೂತು ಗುರಿ ಸರಿಮಾಡಿಕೊಂಡ ಮೇಲೆ ಬೆಂಚ್ ಬಿಟ್ಟುಬಿಡಿ. ಕೂತು ಹೊಡೆದರೆ ಒದೆತ ಪೂರ್ತಿ ಹೆಗಲಿಗೇ ಬರುತ್ತದೆ, ನಿಂತಾಗ ಮೈ ಹಿಂದಕ್ಕೆ ಬಾಗಿ ತಡೆದುಕೊಳ್ಳುತ್ತದೆ. ಆಫ್ರಿಕಾದಲ್ಲಿ ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು ನಿಂತೇ ಹೊಡೆಯಬೇಕು, ಅದನ್ನೇ ಅಭ್ಯಾಸ ಮಾಡಿ. ಒಂದು ಸಲಕ್ಕೆ ಹತ್ತು ಹದಿನೈದು ತೋಟಾ ಸಾಕು, ಉಳಿದದ್ದು ಅದೇ ರೈಫಲ್‌ನಲ್ಲಿ ಖಾಲಿ ಟ್ರಿಗರ್ ಎಳೆದು ಮನೆಯಲ್ಲಿ. ಎಳೆಯುವ ಮೊದಲು ನಳಿಗೆ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ತೋಟಾ ಬೇರೆ ಕೋಣೆಯಲ್ಲಿ ಇರಲಿ.

ಗುರಿ ಎಲ್ಲಿಗೆ ಅನ್ನುವುದನ್ನೂ ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಆಫ್ರಿಕಾದ ಪ್ರಾಣಿಗಳ ಹೃದಯ ಅಮೆರಿಕದ ಜಿಂಕೆಗಳಿಗಿಂತ ಕೆಳಗೆ, ಮುಂದೆ ಇರುತ್ತದೆ. ಅಡ್ಡ ನಿಂತಾಗ ಮುಂಗಾಲಿನ ಗೆರೆ ಹಿಡಿದು ಎದೆಯ ಮೂರನೇ ಒಂದು ಭಾಗದಷ್ಟು ಮೇಲಕ್ಕೆ ಬನ್ನಿ, ಅಲ್ಲಿಗೇ. ಮೊದಲ ಈಡು ಸರಿಯಾಗಿ ಬಿತ್ತು ಅನಿಸಿದರೂ ನೋಡುತ್ತಾ ನಿಲ್ಲಬೇಡಿ. ಬೋಲ್ಟ್ ಎಳೆದು ಇನ್ನೊಂದು ತೋಟಾ ಏರಿಸಿ, ಪ್ರಾಣಿ ನಿಂತಿದ್ದರೆ ಇನ್ನೊಂದು ಹಾಕಿ.

ವಿಮಾನದಲ್ಲಿ ರೈಫಲ್ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಹೋಗಬೇಕು. ತೋಟಾಗೆ ಹೆಚ್ಚಿನ ಏರ್‌ಲೈನ್‌ಗಳಲ್ಲಿ 5 ಕಿಲೋ ಮಿತಿ. ಬೇಟೆಗೆ ನಲವತ್ತು ಸಾಕು, ಎಲ್ಲ ಒಂದೇ ಲಾಟ್‌ನದ್ದಾಗಿರಲಿ, ನೀವು ಗುರಿ ಕಟ್ಟಿದ್ದೂ ಅದರಲ್ಲೇ ಆಗಿರಲಿ. ಕ್ಯಾಂಪ್ ತಲುಪಿದ ದಿನವೇ ಎರಡು ಮೂರು ಈಡು ಹೊಡೆದು ಸ್ಕೋಪ್ ಕದಲಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಗೈಡ್ ಕೇಳದಿದ್ದರೂ ನೀವೇ ಕೇಳಿ.